ಡರ್ಹಮ್: ಕಲ್ಲಿನ ಸೂರು, ಅದರ ಕೆಳಗೊಬ್ಬ ಸಂತ

1104ನೇ ಇಸವಿ, ಆಗಸ್ಟ್ ತಿಂಗಳ ಕೊನೆ. ಇಂಗ್ಲೆಂಡಿನ ಉತ್ತರದ ಡರ್ಹಮ್ ಊರಿನಲ್ಲಿ ದೊಡ್ಡ ಸಮಾರಂಭಕ್ಕೆ ತಯಾರಿ ನಡೆದಿತ್ತು. ಬೆನೆಡಿಕ್ಟೀನ್ ಸನ್ಯಾಸಿಗಳ ಹೊಸ ಚರ್ಚಿನ ಪೂರ್ವ ಭಾಗ ಎದ್ದು ನಿಂತಿತ್ತು. ಸಂತ ಕತ್ಬರ್ಟರ ಶವಪೆಟ್ಟಿಗೆಯನ್ನು ಹಳೆಯ ಜಾಗದಿಂದ ತಂದು ಅಲ್ಲಿ ಇಡಬೇಕಿತ್ತು. ಆದರೆ ಒಂದು ತೊಡಕಿತ್ತು. ಹೊಸ ಕಲ್ಲಿನ ಚಾವಣಿಗೆ ಆಸರೆ ಕೊಟ್ಟಿದ್ದ ಮರದ ಸೆಂಟ್ರಿಂಗ್ ಇನ್ನೂ ಬಿಚ್ಚಿರಲಿಲ್ಲ. ಅದು ಬಲಿಪೀಠದ, ಅಂದರೆ ಚರ್ಚಿನಲ್ಲಿ ಪೂಜೆ ನಡೆಯುವ ವೇದಿಕೆಯ, ನೆತ್ತಿಯ ಮೇಲೇ ನಿಂತಿತ್ತು.

ಆ ಕಾಲದ ಚರಿತ್ರೆಕಾರ ಮಾಮ್ಸ್‌ಬರಿಯ ವಿಲಿಯಂ ಮುಂದಿನದನ್ನು ಬರೆದಿಟ್ಟಿದ್ದಾರೆ. ರಾತ್ರಿ ದೊಡ್ಡ ಸದ್ದಾಯಿತು. ಸೆಂಟ್ರಿಂಗ್ ತಾನಾಗಿಯೇ ಕುಸಿದು ಬಿದ್ದಿತ್ತು. ಬಲಿಪೀಠ ನುಚ್ಚುನೂರಾಗಿರಬೇಕು ಅಂತ ಮಠದವರು ಹೆದರಿದರು. ಹೋಗಿ ನೋಡಿದರೆ ಯಾವುದಕ್ಕೂ ಪೆಟ್ಟಾಗಿರಲಿಲ್ಲ. ಮೇಲಿನ ಕಲ್ಲಿನ ಚಾವಣಿ ಅಲುಗದೆ ನಿಂತಿತ್ತು.

ಇದು ಕತ್ಬರ್ಟರ ಪವಾಡ ಎಂದು ಸನ್ಯಾಸಿಗಳು ನಂಬಿದರು. ನನಗೆ ಈ ಕಥೆ ಇಷ್ಟವಾಗುವುದಕ್ಕೆ ಇನ್ನೊಂದು ಕಾರಣ ಇದೆ. ಡರ್ಹಮ್ ಚರ್ಚನ್ನು ಅರ್ಥ ಮಾಡಿಕೊಳ್ಳಲು ಬೇಕಾದ ಎರಡೂ ಸಂಗತಿ ಇದರಲ್ಲಿವೆ. ಒಂದು, ಸಂತನ ದೇಹ. ಇನ್ನೊಂದು, ಅದರ ಮೇಲೆ ಕಲ್ಲಿನ ಸೂರು ನಿಲ್ಲಿಸಬೇಕೆಂಬ ಹಟ. ಆ ಕಟ್ಟಡದಲ್ಲಿ ಏನೇ ನೋಡಿದರೂ ಕೊನೆಗೆ ಈ ಎರಡರಲ್ಲಿ ಒಂದಕ್ಕೆ ಬಂದು ಸೇರುತ್ತದೆ.

ಕತ್ಬರ್ಟರು ತೀರಿಕೊಂಡದ್ದು 687ರಲ್ಲಿ, ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಫಾರ್ನ್ ಎಂಬ ಪುಟ್ಟ ದ್ವೀಪದಲ್ಲಿ. ಅವರನ್ನು ಹೂಳಿದ್ದು ಹತ್ತಿರದ ಲಿಂಡಿಸ್‌ಫಾರ್ನ್ ದ್ವೀಪದ ಮಠದಲ್ಲಿ. ಹನ್ನೊಂದು ವರ್ಷದ ನಂತರ ಪೆಟ್ಟಿಗೆ ತೆರೆದಾಗ ದೇಹ ಕೊಳೆತಿರಲಿಲ್ಲ ಎಂಬ ಸುದ್ದಿ ಹಬ್ಬಿತು. ಅಂದಿನಿಂದ ಅದು ಯಾತ್ರಾಸ್ಥಳವಾಯಿತು. 793ರಲ್ಲಿ ವೈಕಿಂಗರು ಸಮುದ್ರದ ಕಡೆಯಿಂದ ನುಗ್ಗಿ ಮಠವನ್ನು ದೋಚಿದರು. ದಾಳಿಗಳು ನಿಲ್ಲಲಿಲ್ಲ. 875ರಲ್ಲಿ ಅಲ್ಲಿನವರು ಸಂತನ ಪೆಟ್ಟಿಗೆ ಹೊತ್ತು ಹೊರಟೇಬಿಟ್ಟರು. ವರ್ಷಗಟ್ಟಲೆ ಅಲೆದರು. ಚೆಸ್ಟರ್-ಲೆ-ಸ್ಟ್ರೀಟ್ ಎಂಬಲ್ಲಿ ನೂರಕ್ಕೂ ಹೆಚ್ಚು ವರ್ಷ ನೆಲೆಸಿದರು. ಕೊನೆಗೆ 995ರಲ್ಲಿ ಡರ್ಹಮ್‌ಗೆ ಬಂದರು.

ಆ ಜಾಗ ಹೇಗಿದೆ ಗೊತ್ತಾ? ವಿಯರ್ ನದಿ ಒಂದು ಎತ್ತರದ ಬಂಡೆಯನ್ನು ಮೂರು ಕಡೆಯಿಂದ ಬಳಸಿಕೊಂಡು ಹರಿಯುತ್ತದೆ. ದಡಗಳು ಕಡಿದಾಗಿವೆ. ನಾಲ್ಕನೇ ಕಡೆ ಒಂದನ್ನು ಕಾದರೆ ಸಾಕು. ದಾಳಿಗೆ ಹೆದರಿ ತಲೆಮಾರುಗಟ್ಟಲೆ ಅಲೆದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ.

ಇಲ್ಲಿಯವರೆಗೆ ಪೆಟ್ಟಿಗೆಯನ್ನು ನೋಡಿಕೊಳ್ಳುತ್ತಿದ್ದವರು ಬೆನೆಡಿಕ್ಟೀನರಲ್ಲ. ಅವರಲ್ಲಿ ಬಹಳಷ್ಟು ಜನ ಮದುವೆಯಾಗಿ ಸಂಸಾರ ನಡೆಸುತ್ತಿದ್ದ ಪಾದ್ರಿಗಳು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಕಥೆ ಬದಲಾಯಿತು. 1080ರಲ್ಲಿ ಡರ್ಹಮ್‌ನ ಬಿಷಪ್ ವಾಲ್ಚರ್ ಅವರನ್ನು ಜನ ಗೇಟ್ಸ್‌ಹೆಡ್‌ನಲ್ಲಿ ಕೊಂದರು. ಅವರ ನಂತರ ಬಂದ ಸೇಂಟ್ ಕ್ಯಾಲೆಯ ವಿಲಿಯಂ ಸ್ವತಃ ಬೆನೆಡಿಕ್ಟೀನ್ ಸನ್ಯಾಸಿ. 1083ರಲ್ಲಿ ಅವರು ಹಳೆಯ ಪಾದ್ರಿಗಳಿಗೆ ಎರಡು ದಾರಿ ಇಟ್ಟರು: ಸನ್ಯಾಸ ತೆಗೆದುಕೊಳ್ಳಿ, ಇಲ್ಲವೇ ಜಾಗ ಬಿಡಿ. ಹೆಚ್ಚಿನವರು ಜಾಗ ಬಿಟ್ಟರು. ಹತ್ತಿರದ ಜ್ಯಾರೋ ಮತ್ತು ವಿಯರ್‌ಮತ್ ಮಠಗಳಿಂದ ಸನ್ಯಾಸಿಗಳನ್ನು ಕರೆಸಲಾಯಿತು.

ಬೆನೆಡಿಕ್ಟೀನರು ಅಂದರೆ 6ನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ಬರೆದ ನಿಯಮಗಳಂತೆ ಬದುಕುವವರು. ಸ್ವಂತ ಆಸ್ತಿ ಇಲ್ಲ, ಮದುವೆ ಇಲ್ಲ, ಊರೂರು ಸುತ್ತುವುದೂ ಇಲ್ಲ. ಒಂದೇ ಮಠದಲ್ಲಿ ಸಾಯುವ ತನಕ ಇರಬೇಕು. ರಾತ್ರಿ ಒಮ್ಮೆ, ಹಗಲಿನಲ್ಲಿ ಏಳು ಸಲ ಎಲ್ಲರೂ ಚರ್ಚಿನಲ್ಲಿ ಕೂಡಿ ಕೀರ್ತನೆಗಳನ್ನು ಹಾಡಬೇಕು. ಉಳಿದ ಹೊತ್ತು ಕೆಲಸ, ಓದು. ಇಂಥವರಿಗೆ ಚರ್ಚ್ ವಾರಕ್ಕೊಮ್ಮೆ ಹೋಗುವ ಜಾಗವಲ್ಲ, ದಿನದಲ್ಲಿ ಮತ್ತೆ ಮತ್ತೆ ಬಂದು ಸೇರುವ ಮನೆ.

ಡರ್ಹಮ್‌ನಲ್ಲಿ ಇನ್ನೊಂದು ವಿಶೇಷವಿತ್ತು. ಆ ಚರ್ಚ್ ಏಕಕಾಲಕ್ಕೆ ಮಠದ ಚರ್ಚೂ ಹೌದು, ಬಿಷಪ್ಪರ ಪೀಠವಿರುವ ಕ್ಯಾಥೆಡ್ರಲ್ ಕೂಡ ಹೌದು. ಮಠದ ಯಜಮಾನ ಹೆಸರಿಗೆ ಬಿಷಪ್, ದಿನದ ಆಡಳಿತ ನಡೆಸುತ್ತಿದ್ದವರು ಪ್ರಯರ್ ಎಂಬ ಹಿರಿಯ ಸನ್ಯಾಸಿ. ಈ ಜೋಡಿ ವ್ಯವಸ್ಥೆಯನ್ನು ನೆನಪಿಟ್ಟುಕೊಳ್ಳಿ. ನಾಲ್ಕೂವರೆ ಶತಮಾನದ ನಂತರ ಕಟ್ಟಡವನ್ನು ಉಳಿಸಿದ್ದು ಇದೇ.

1093ರ ಆಗಸ್ಟ್ 11ರಂದು ಹೊಸ ಚರ್ಚಿನ ಮೊದಲ ಕಲ್ಲುಗಳನ್ನು ಇಟ್ಟರು. ಬಿಷಪ್ ವಿಲಿಯಂ, ಪ್ರಯರ್ ಟರ್ಗಟ್, ಅವರ ಜೊತೆಗೆ ಸ್ಕಾಟ್‌ಲೆಂಡಿನ ದೊರೆ ಮೂರನೇ ಮಾಲ್ಕಮ್ ಕೂಡ ಅಲ್ಲಿದ್ದರು. ಖರ್ಚಿನ ಬಗ್ಗೆ ಒಪ್ಪಂದವಾಗಿತ್ತು. ಚರ್ಚಿನ ಖರ್ಚು ಬಿಷಪ್ಪರದು, ಸನ್ಯಾಸಿಗಳು ವಾಸಿಸುವ ಕಟ್ಟಡಗಳ ಖರ್ಚು ಮಠದ್ದು. ಮೂರು ವರ್ಷ ತುಂಬುವ ಮೊದಲೇ ಬಿಷಪ್ ತೀರಿಕೊಂಡರು. ಆಗ ಸನ್ಯಾಸಿಗಳು ತಮ್ಮ ವಾಸದ ಕಟ್ಟಡಗಳ ಕೆಲಸ ನಿಲ್ಲಿಸಿ ಚರ್ಚಿಗೆ ಕೈ ಹಾಕಿದರು. ತಮಗೆ ಸೂರು ಆಮೇಲೆ, ಕತ್ಬರ್ಟರಿಗೆ ಮೊದಲು.

ಈಗ ಆ ಸೂರಿನ ವಿಷಯಕ್ಕೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಆಗಿನ ದೊಡ್ಡ ಚರ್ಚುಗಳಿಗೆ ಸಾಮಾನ್ಯವಾಗಿ ಮರದ ಚಾವಣಿ ಇರುತ್ತಿತ್ತು. ಮರ ಹಗುರ, ಕೆಲಸವೂ ಬೇಗ. ಆದರೆ ಮೇಣದಬತ್ತಿ ಉರಿಯುವ ಜಾಗದಲ್ಲಿ, ಸಿಡಿಲು ಬಡಿಯುವ ಎತ್ತರದಲ್ಲಿ ಮರ ಅಂದರೆ ಬೆಂಕಿಯ ಭಯ. ಕಲ್ಲಿನ ಚಾವಣಿ ಸುಡುವುದಿಲ್ಲ. ಹಾಡಿದ ದನಿ ಅದರಡಿಯಲ್ಲಿ ಚೆನ್ನಾಗಿ ತುಂಬಿಕೊಳ್ಳುತ್ತದೆ. ಸಮಸ್ಯೆ ಇರುವುದು ಕಲ್ಲನ್ನು ಗಾಳಿಯಲ್ಲಿ ನಿಲ್ಲಿಸುವುದರಲ್ಲಿ.

ಬೆಣೆಯ ಹಾಗೆ ಕಡಿದ ಕಲ್ಲುಗಳನ್ನು ಅರ್ಧ ಚಕ್ರದಂತೆ ಜೋಡಿಸಿದರೆ ಕಮಾನು. ಪ್ರತಿ ಕಲ್ಲೂ ಬೀಳಲು ನೋಡುತ್ತದೆ, ಅಕ್ಕಪಕ್ಕದ ಕಲ್ಲು ಬೀಳಲು ಬಿಡುವುದಿಲ್ಲ. ಆದರೆ ನೆತ್ತಿಯ ಕೊನೆಯ ಕಲ್ಲು ಕೂರುವ ತನಕ ಕಮಾನು ತಾನಾಗಿ ನಿಲ್ಲಲಾರದು. ಅಲ್ಲಿಯವರೆಗೆ ಕೆಳಗಿನಿಂದ ಮರದ ಸೆಂಟ್ರಿಂಗ್ ಬೇಕೇ ಬೇಕು. ನಿಂತ ಮೇಲೂ ಒಂದು ತಲೆನೋವು ಉಳಿಯುತ್ತದೆ. ಗೋಡೆಗೆ ಒರಗಿಸಿದ ಏಣಿಯ ಬುಡ ಹೇಗೆ ಹೊರಕ್ಕೆ ಜಾರಲು ನೋಡುತ್ತದೋ, ಕಮಾನಿನ ಎರಡು ಕಾಲೂ ಹಾಗೆಯೇ. ಭಾರ ಕೆಳಕ್ಕೆ ಮಾತ್ರ ಇಳಿಯುವುದಿಲ್ಲ, ಪಕ್ಕಕ್ಕೂ ತಳ್ಳುತ್ತದೆ.

ಒಂದೇ ಕಮಾನನ್ನು ಉದ್ದಕ್ಕೆ ಎಳೆದರೆ ಸುರಂಗದಂಥ ಚಾವಣಿ ಬರುತ್ತದೆ. ಅದು ಗೋಡೆಯ ಉದ್ದಕ್ಕೂ ತಳ್ಳುತ್ತಲೇ ಇರುತ್ತದೆ. ಹಾಗಾಗಿ ಗೋಡೆ ಭಾರಿ ದಪ್ಪ ಇರಬೇಕು, ಮೇಲೆ ದೊಡ್ಡ ಕಿಟಕಿ ಇಡುವುದು ಕಷ್ಟ. ಒಳಗೆ ಕತ್ತಲೆ. ಎರಡು ಸುರಂಗಗಳು ಒಂದನ್ನೊಂದು ಅಡ್ಡ ಹಾಯುವಂತೆ ಮಾಡಿದರೆ ಇದು ಸುಧಾರಿಸುತ್ತದೆ. ಆಗ ಭಾರವೆಲ್ಲ ನಾಲ್ಕು ಮೂಲೆಗೆ ಇಳಿಯುತ್ತದೆ, ನಡುವಿನ ಗೋಡೆಗೆ ಬಿಡುವು ಸಿಗುತ್ತದೆ, ಕಿಟಕಿ ಇಡಬಹುದು. ರೋಮನ್ನರಿಗೇ ಇದು ಗೊತ್ತಿತ್ತು. ತೊಂದರೆ ಎಂದರೆ ಎರಡು ಸುರಂಗ ಸೇರುವ ಅಂಚು. ಆ ಓರೆ ಗೆರೆಯಲ್ಲಿ ಎರಡೂ ಕಡೆಯ ಬಾಗು ಒಂದೇ ಕಲ್ಲಿನಲ್ಲಿ ಕೂಡಬೇಕು. ಅಂಥ ಒಂದೊಂದು ಕಲ್ಲನ್ನೂ ಲೆಕ್ಕ ಹಾಕಿ ಕಡಿಯುವುದು ಬಹಳ ಕಷ್ಟ.

ಡರ್ಹಮ್‌ನ ಕಲ್ಲುಕುಟಿಗರು ಆ ಅಂಚಿನ ಜಾಗದಲ್ಲೇ ಪ್ರತ್ಯೇಕ ಕಮಾನುಗಳನ್ನು ನಿಲ್ಲಿಸಿದರು. ಒಂದು ಮೂಲೆಯಿಂದ ಎದುರು ಮೂಲೆಗೆ ಒಂದು, ಅದಕ್ಕೆ ಅಡ್ಡಲಾಗಿ ಇನ್ನೊಂದು. ಇವು ಚಾವಣಿಯ ಪಕ್ಕೆಲುಬುಗಳು. ಕೊಡೆಯಲ್ಲಿ ಮೊದಲು ಕಡ್ಡಿ, ಆಮೇಲೆ ಬಟ್ಟೆ ಅಲ್ವಾ? ಇದೂ ಹಾಗೆಯೇ. ಮೊದಲು ಪಕ್ಕೆಲುಬು ನಿಲ್ಲಿಸಿದರು. ನಂತರ ನಡುವಿನ ನಾಲ್ಕು ಖಾಲಿ ಜಾಗಗಳನ್ನು ಒರಟು ಕಲ್ಲು, ಗಾರೆಯಿಂದ ತುಂಬಿದರು. ಕಷ್ಟದ ಅಂಚು ಪಕ್ಕೆಲುಬಿನ ಹಿಂದೆ ಮರೆಯಾಯಿತು.

ಒಂದು ಮಾತು ಇಲ್ಲಿ ಹೇಳಲೇಬೇಕು. ಇಡೀ ಚಾವಣಿಯ ಭಾರವನ್ನು ಪಕ್ಕೆಲುಬುಗಳೇ ಹೊರುತ್ತವೆ ಎಂದು ಬಹಳ ಕಡೆ ಬರೆಯುತ್ತಾರೆ. ಅದು ಪೂರ್ತಿ ನಿಜವಲ್ಲ. ಮೊದಲ ಮಹಾಯುದ್ಧದಲ್ಲಿ ಶೆಲ್ ಬಿದ್ದ ಫ್ರಾನ್ಸಿನ ಕೆಲವು ಚರ್ಚುಗಳಲ್ಲಿ ಪಕ್ಕೆಲುಬು ಉದುರಿದ ಮೇಲೂ ಮೇಲಿನ ಕಲ್ಲಿನ ಹೊದಿಕೆ ನಿಂತೇ ಇತ್ತು. ಪಕ್ಕೆಲುಬಿನ ನಿಜವಾದ ಉಪಕಾರ ಕಟ್ಟುವ ಹೊತ್ತಿನಲ್ಲಿ. ಅದು ಆಕಾರ ತೋರಿಸುತ್ತದೆ, ಕೆಲಸ ಸುಲಭ ಮಾಡುತ್ತದೆ. ಕಣ್ಣಿಗಂತೂ ಇಡೀ ಕಟ್ಟಡವನ್ನು ಒಂದೇ ಹೆಣಿಗೆಯಂತೆ ಕಟ್ಟಿಕೊಡುತ್ತದೆ.

ಇನ್ನೂ ಒಂದು ಗಂಟು ಉಳಿದಿತ್ತು. ಪ್ರತಿ ಬದಿ 10 ಮೀಟರ್ ಇರುವ ಒಂದು ಚೌಕ ಅಂದುಕೊಳ್ಳಿ. ಬದಿಯ ಮೇಲೆ ಅರ್ಧ ಚಕ್ರದ ಕಮಾನು ಕಟ್ಟಿದರೆ ಅದರ ಎತ್ತರ 5 ಮೀಟರ್. ಆದರೆ ಮೂಲೆಯಿಂದ ಮೂಲೆಗೆ ಅಂತರ 14 ಮೀಟರಿಗಿಂತ ಸ್ವಲ್ಪ ಜಾಸ್ತಿ. ಅಲ್ಲಿ ಅರ್ಧ ಚಕ್ರ ಕಟ್ಟಿದರೆ ಎತ್ತರ 7 ಮೀಟರ್ ದಾಟುತ್ತದೆ. ನಡುವೆ ಉಬ್ಬು ಎದ್ದ ಹಾಗಾಗುತ್ತದೆ, ಅಂಚು ತಗ್ಗಾಗುತ್ತದೆ. ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವುದು ಹೇಗೆ?

ಜನ ಸೇರುವ ಉದ್ದನೆಯ ಹಜಾರದಲ್ಲಿ ಡರ್ಹಮ್‌ನವರು ಹುಡುಕಿದ ಉತ್ತರ ಚೂಪು ಕಮಾನು. ಓರೆ ಪಕ್ಕೆಲುಬು ಅರ್ಧ ಚಕ್ರವಾಗಿಯೇ ಇರಲಿ, ಒಂದು ಗೋಡೆಯಿಂದ ಎದುರು ಗೋಡೆಗೆ ನೇರವಾಗಿ ಹೋಗುವ ಅಡ್ಡ ಕಮಾನು ಮಾತ್ರ ನೆತ್ತಿಯಲ್ಲಿ ಚೂಪಾಗಲಿ. ಅರ್ಧ ಚಕ್ರದ ಎತ್ತರವನ್ನು ಅಗಲವೇ ತೀರ್ಮಾನಿಸುತ್ತದೆ. ಚೂಪು ಕಮಾನಿಗೆ ಆ ಕಟ್ಟುಪಾಡಿಲ್ಲ. ಅಗಲ ಅಷ್ಟೇ ಇಟ್ಟುಕೊಂಡು ಬೇಕಾದಷ್ಟು ಎತ್ತರಿಸಬಹುದು. ಮೇಲಾಗಿ ಅದು ಪಕ್ಕಕ್ಕೆ ತಳ್ಳುವುದೂ ಕಡಿಮೆ.

ಚೂಪು ಕಮಾನನ್ನು ಇವರೇ ಕಂಡುಹಿಡಿದರು ಎನ್ನುವಂತಿಲ್ಲ. ಇಸ್ಲಾಮಿಕ್ ಕಟ್ಟಡಗಳಲ್ಲಿ ಅದು ಶತಮಾನಗಳ ಹಿಂದೆಯೇ ಇತ್ತು. ಫ್ರಾನ್ಸಿನ ಕ್ಲೂನಿ ಮಠದಲ್ಲೂ ಬಳಸಿದ್ದರು. ಪಕ್ಕೆಲುಬಿನ ಚಾವಣಿ ಇಟಲಿಯ ಲೊಂಬಾರ್ಡಿಯಲ್ಲಿ ಮೊದಲೋ ಇಲ್ಲಿ ಮೊದಲೋ ಎಂಬ ಚರ್ಚೆ ಇಂದಿಗೂ ಇದೆ. ಡರ್ಹಮ್‌ನ ಹೆಗ್ಗಳಿಕೆ ಬೇರೆ. ಪಕ್ಕೆಲುಬು ಮತ್ತು ಚೂಪು ಕಮಾನನ್ನು ಒಟ್ಟಿಗೆ ತಂದು, ಸುಮಾರು 22 ಮೀಟರ್ ಎತ್ತರದಲ್ಲಿ, ಇಡೀ ಹಜಾರದ ಉದ್ದಕ್ಕೂ ನಿಲ್ಲಿಸಿ ತೋರಿಸಿದರು. ಹಜಾರದ ಚಾವಣಿ 1133ಕ್ಕೆ ಮುಗಿಯಿತು. ಚೂಪು ಕಮಾನು, ಪಕ್ಕೆಲುಬಿನ ಚಾವಣಿಗಳ ಗಾಥಿಕ್ ಶೈಲಿ ಹುಟ್ಟಿದ ಜಾಗ ಎಂದು ಸಾಮಾನ್ಯವಾಗಿ ಹೇಳುವ ಪ್ಯಾರಿಸ್ ಬಳಿಯ ಸೇಂಟ್ ಡೆನಿಸ್ ಚರ್ಚಿನ ಹೊಸ ಪೂರ್ವ ಭಾಗಕ್ಕೆ ಪ್ರತಿಷ್ಠೆ ಆದದ್ದು 1144ರಲ್ಲಿ. ಮೈಸೂರಿನ ಸಂತ ಫಿಲೋಮಿನಾ ಚರ್ಚಿನಲ್ಲಿ ತಲೆಯೆತ್ತಿ ಚೂಪು ಕಮಾನುಗಳನ್ನು ನೋಡಿದವರು ಆ ಗಾಥಿಕ್ ಶೈಲಿಯ ಬಹಳ ತಡವಾದ ಕುಡಿಯೊಂದನ್ನು ನೋಡಿದ್ದಾರೆ.

ಹಜಾರದ ಕೊನೆಯ ಹಂತ ಮುಗಿಸಿದ್ದು ಯಾವ ಬಿಷಪ್ಪರೂ ಅಲ್ಲ. 1128ರಲ್ಲಿ ಬಿಷಪ್ ರಾನುಲ್ಫ್ ಫ್ಲ್ಯಾಂಬಾರ್ಡ್ ಸತ್ತ ಮೇಲೆ ಐದು ವರ್ಷ ಆ ಪೀಠ ಖಾಲಿ ಇತ್ತು. ಹಣ ಕೊಡಬೇಕಾದವರೇ ಇರಲಿಲ್ಲ. ಆಗ ಸನ್ಯಾಸಿಗಳೇ ಕೆಲಸ ಮುಗಿಸಿದರು.

ಈ ಭಾರವನ್ನೆಲ್ಲ ಹೊತ್ತ ಕಂಬಗಳನ್ನು ನೋಡದೆ ಮುಂದೆ ಹೋಗಲಾಗುವುದಿಲ್ಲ. ಹಜಾರದ ದುಂಡು ಕಂಬಗಳ ಸುತ್ತಳತೆ 6.6 ಮೀಟರ್, ಎತ್ತರವೂ 6.6 ಮೀಟರ್. ಸುತ್ತಳತೆಗೂ ಎತ್ತರಕ್ಕೂ ಒಂದೇ ಅಳತೆ! ಅವುಗಳ ಮೈಮೇಲೆ ಆಳವಾದ ಕೆತ್ತನೆ: ಒಂದರಲ್ಲಿ ಮುರಿದ ಗೆರೆಗಳ ಸಾಲು, ಇನ್ನೊಂದರಲ್ಲಿ ವಜ್ರದ ಆಕಾರ, ಮತ್ತೊಂದರಲ್ಲಿ ನಿಲುವು ಗೀರುಗಳು. ಎದುರುಬದುರು ಕಂಬಗಳಿಗೆ ಒಂದೇ ವಿನ್ಯಾಸ. ಕಂಬ ಎದ್ದ ಮೇಲೆ ಕೆತ್ತಿದ್ದಲ್ಲ ಇದು. ಒಂದೊಂದು ಕಲ್ಲನ್ನೂ ನೆಲದ ಮೇಲೆ ಅಚ್ಚಿನ ಅಳತೆಗೆ ಕೆತ್ತಿ, ಆಮೇಲೆ ಜೋಡಿಸಿದ್ದು. ಗೆರೆಗಳು ಕಲ್ಲಿನಿಂದ ಕಲ್ಲಿಗೆ ತಪ್ಪದೆ ಕೂಡಿಕೊಳ್ಳುತ್ತವೆ. ದಪ್ಪ ಕಂಬಗಳು ಆ ಕೆತ್ತನೆಯಿಂದಾಗಿ ಭಾರ ಅನ್ನಿಸುವುದೇ ಇಲ್ಲ.

ಎಲ್ಲವೂ ಸರಿಹೋಯಿತು ಎಂದೇನಲ್ಲ. ಮೊದಲು ಕಟ್ಟಿದ ಪೂರ್ವ ಭಾಗದ ಚಾವಣಿ, ಅಂದರೆ ಸೆಂಟ್ರಿಂಗ್ ಬಿದ್ದರೂ ನಿಂತಿತ್ತಲ್ಲ, ಅದೇ ಚಾವಣಿ 1230ರ ದಶಕದ ಹೊತ್ತಿಗೆ ಬಿರುಕು ಬಿಟ್ಟಿತ್ತು. ಅದನ್ನು ತೆಗೆದು ಹೊಸದು ಕಟ್ಟಬೇಕಾಯಿತು. ಕಲಿಯುತ್ತಾ ಕಟ್ಟಿದವರ ಮೊದಲ ಪ್ರಯತ್ನ ಸೋತಿತು, ನಂತರದ್ದು ಇಂದಿಗೂ ನಿಂತಿದೆ.

ಆ ದುರಸ್ತಿಯ ಜೊತೆಗೇ ಹುಟ್ಟಿದ್ದು ತೀರಾ ಪೂರ್ವದಲ್ಲಿರುವ ಒಂಬತ್ತು ಬಲಿಪೀಠಗಳ ಮಂದಿರ. 1242ರಲ್ಲಿ ಶುರುವಾಗಿ ಮುಗಿಯಲು ಸುಮಾರು ನಾಲ್ಕು ದಶಕ ಹಿಡಿಯಿತು. ಒಂದೇ ದೇವರಿಗೆ ಒಂಬತ್ತು ಬಲಿಪೀಠ ಯಾಕೆ ಅನ್ನಿಸಬಹುದು. ಆ ಹೊತ್ತಿಗೆ ಸನ್ಯಾಸಿಗಳಲ್ಲಿ ಹೆಚ್ಚಿನವರು ಪಾದ್ರಿಗಳಾಗಿ ಗುರುದೀಕ್ಷೆ ಪಡೆದವರಾಗಿದ್ದರು. ಅವರೆಲ್ಲ ತಮ್ಮ ತಮ್ಮ ಬಲಿಪೂಜೆ ಅರ್ಪಿಸಬೇಕಿತ್ತು. ಸಾಲಾಗಿ ಬಲಿಪೀಠಗಳಿದ್ದರೆ ಕಾಯುವುದು ತಪ್ಪುತ್ತದೆ. ಜೊತೆಗೆ ಯಾತ್ರಿಕರ ನೂಕುನುಗ್ಗಲಿಗೂ ಜಾಗ ಆಯಿತು. ಸಂತನ ಸಮಾಧಿ ಮುಖ್ಯ ಬಲಿಪೀಠದ ಹಿಂದೆ ಎತ್ತರದ ಕಟ್ಟೆಯ ಮೇಲಿತ್ತು. ಅದರ ಮುಚ್ಚಳವನ್ನು ಹಗ್ಗದಿಂದ ಮೇಲೆತ್ತುತ್ತಿದ್ದರು. ಹಗ್ಗಕ್ಕೆ ಆರು ಬೆಳ್ಳಿ ಗಂಟೆ ಕಟ್ಟಿದ್ದರು. ಅವುಗಳ ಸದ್ದು ಕೇಳಿ ಜನ ದರ್ಶನಕ್ಕೆ ಧಾವಿಸುತ್ತಿದ್ದರು ಎಂದು 1593ರ ಒಂದು ಬರಹ ನೆನಪಿಸಿಕೊಳ್ಳುತ್ತದೆ.

ಎಲ್ಲರಿಗೂ ಅಷ್ಟು ಹತ್ತಿರ ಬರುವ ಭಾಗ್ಯ ಇರಲಿಲ್ಲ. ಹಜಾರದ ಪಶ್ಚಿಮ ತುದಿಯಲ್ಲಿ, ನೆಲದಲ್ಲಿ ಕಪ್ಪು ಕಲ್ಲಿನ ಒಂದು ಗೆರೆ ಇದೆ. ಫ್ರಾಸ್ಟರ್ಲಿ ಎಂಬಲ್ಲಿ ಸಿಗುವ ಈ ಕಲ್ಲಿನಲ್ಲಿ ಕೋಟ್ಯಂತರ ವರ್ಷ ಹಿಂದಿನ ಹವಳಗಳ ಬಿಳಿ ಅಚ್ಚು ಕಾಣುತ್ತದೆ. ಮಠ ಇದ್ದ ಕಾಲದಲ್ಲಿ ಹೆಂಗಸರು ಈ ಗೆರೆ ದಾಟಿ ಮುಂದೆ ಬರುವಂತಿರಲಿಲ್ಲ. ಕತ್ಬರ್ಟರಿಗೆ ಹೆಂಗಸರ ಸಾಮೀಪ್ಯ ಇಷ್ಟವಿರಲಿಲ್ಲ ಎಂಬುದು ಆಮೇಲೆ ಬಂದವರು ಕೊಟ್ಟ ಕಾರಣ. ಬದುಕಿದ್ದಾಗ ಕತ್ಬರ್ಟರು ಸನ್ಯಾಸಿನಿಯರ ಮಠಗಳ ಮುಖ್ಯಸ್ಥೆಯರ ಜೊತೆ ಸ್ನೇಹದಿಂದ ಇದ್ದವರು. ಆ ಮಾತು ಅವರ ಬಾಯಿಗೆ ಹೊಂದುವುದಿಲ್ಲ ಅಂತಲೇ ನನಗನ್ನಿಸುತ್ತದೆ. ಅಷ್ಟು ದೂರದಿಂದ ಬಂದ ತಾಯಂದಿರು ಆ ಗೆರೆಯ ಹತ್ತಿರ ನಿಂತು ಏನು ಬೇಡಿಕೊಂಡರೋ.

ಬಿಷಪ್ ಹ್ಯೂ ಡ ಪ್ಯೂಸೆ ಮಾತೆ ಮರಿಯಳಿಗೆ ಒಂದು ಮಂದಿರ ಕಟ್ಟಲು ಹೊರಟಾಗ ಪೂರ್ವ ದಿಕ್ಕಿನಲ್ಲೇ ಶುರು ಮಾಡಿದ್ದರು. ಗೋಡೆ ಬಿರುಕು ಬಿಟ್ಟಿತು. ಸಂತನಿಗೆ ಮನಸ್ಸಿಲ್ಲ ಎಂದು ಜನ ಅಂದುಕೊಂಡರು. ನೆಲ ಗಟ್ಟಿಯಿರಲಿಲ್ಲ ಎಂಬುದು ಈಗಿನವರ ಊಹೆ. ಕೊನೆಗೆ 1170ರ ದಶಕದಲ್ಲಿ ಪಶ್ಚಿಮದ ಬಾಗಿಲ ಮುಂದೆ, ನದಿಯ ಕಣಿವೆಯ ಅಂಚಿನಲ್ಲಿ ಅದು ಎದ್ದಿತು. ಹೆಸರು ಗ್ಯಾಲಿಲಿ ಮಂದಿರ. ಇಲ್ಲಿಗೆ ಹೆಂಗಸರೂ ಬರಬಹುದಿತ್ತು. ಹಜಾರದ ಆ ಬೃಹತ್ ಕಂಬಗಳನ್ನು ನೋಡಿ ಇಲ್ಲಿಗೆ ಬಂದರೆ ಕಣ್ಣಿಗೆ ಆಶ್ಚರ್ಯ. ತೆಳ್ಳಗಿನ ಕಂಬಗಳು, ಅವುಗಳ ಮೇಲೆ ಹಲ್ಲುಹಲ್ಲಾಗಿ ಕೆತ್ತಿದ ಹಗುರ ಕಮಾನುಗಳು, ತುಂಬ ಬೆಳಕು. ಇಂಗ್ಲಿಷರ ಮೊದಲ ದೊಡ್ಡ ಚರಿತ್ರೆಕಾರ, ಜ್ಯಾರೋ ಮಠದ ಬೀಡ್ ಅವರ ಸಮಾಧಿಯೂ ಇಲ್ಲೇ ಇದೆ.

ನಡುವಿನ ಗೋಪುರ ಬೇರೆ ಕಾಲದ್ದು. ಹಳೆಯದಕ್ಕೆ 1429ರಲ್ಲಿ ಸಿಡಿಲು ಬಡಿಯಿತು. ಈಗಿರುವ 66 ಮೀಟರ್ ಎತ್ತರದ್ದು 15ನೇ ಶತಮಾನದ ಕೊನೆಗೆ ಮುಗಿಯಿತು.

ಮಠದ ಬಾಳು ನಿಂತದ್ದು 1539ರ ಡಿಸೆಂಬರ್ 31ರಂದು. ದೊರೆ ಎಂಟನೇ ಹೆನ್ರಿ ಪೋಪರೊಡನೆ ಸಂಬಂಧ ಕಡಿದುಕೊಂಡು ಇಂಗ್ಲೆಂಡಿನ ಎಲ್ಲ ಮಠಗಳನ್ನೂ ಮುಚ್ಚಿಸಿ ಆಸ್ತಿ ವಶಪಡಿಸಿಕೊಳ್ಳುತ್ತಿದ್ದ ಕಾಲ ಅದು. ಬೇರೆ ಕಡೆ ಚಾವಣಿಯ ಮೇಲಿನ ಸೀಸದ ಹಾಳೆ ಕಿತ್ತು ಮಾರಿದರು. ಮಳೆ ಒಳಗಿಳಿಯಿತು, ಗೋಡೆಗಳು ಕುಸಿದವು, ಊರವರು ಕಲ್ಲು ಹೊತ್ತೊಯ್ದರು. ಡರ್ಹಮ್ ಚರ್ಚಿಗೆ ಆ ಗತಿ ಬರಲಿಲ್ಲ. ಯಾಕೆಂದರೆ ಅದು ಬಿಷಪ್ಪರ ಕ್ಯಾಥೆಡ್ರಲ್ ಕೂಡ ಆಗಿತ್ತು. ಮಠ ಹೋದರೂ ಬಿಷಪ್ಪರಿಗೆ ಚರ್ಚ್ ಬೇಕಿತ್ತಲ್ಲ! 1541ರಲ್ಲಿ ಹೊಸ ಆಡಳಿತ ಬಂತು. ಮಠದ ಕೊನೆಯ ಪ್ರಯರ್ ಆಗಿದ್ದ ಹ್ಯೂ ವೈಟ್‌ಹೆಡ್ ಅವರೇ ಮೊದಲ ಡೀನ್, ಅಂದರೆ ಕ್ಯಾಥೆಡ್ರಲ್ಲಿನ ಆಡಳಿತದ ಮುಖ್ಯಸ್ಥ, ಆದರು. ಸಂತನ ಸಮಾಧಿಯ ಅಲಂಕಾರವನ್ನೆಲ್ಲ ಅಧಿಕಾರಿಗಳು ಆ ಮೊದಲೇ ಒಡೆದು ಹಾಕಿದ್ದರು. ದೇಹವನ್ನು ಅದೇ ಜಾಗದ ನೆಲದಡಿ ಹೂಳಿದರು.

1650ರಲ್ಲಿ ಈ ಕಲ್ಲಿನ ಸೂರು ಜೈಲಾಯಿತು. ಡನ್‌ಬಾರ್ ಯುದ್ಧದಲ್ಲಿ ಇಂಗ್ಲಿಷ್ ಸೇನಾನಿ ಕ್ರಾಮ್‌ವೆಲ್‌ನ ಸೈನ್ಯಕ್ಕೆ ಸೆರೆಸಿಕ್ಕ ಸುಮಾರು 3,000 ಸ್ಕಾಟಿಷ್ ಸೈನಿಕರನ್ನು ಇಲ್ಲಿ ಕೂಡಿಹಾಕಿದರು. ಹಸಿವು, ಚಳಿ, ಭೇದಿ. ಸುಮಾರು 1,700 ಜನ ಸತ್ತರು. ಚಳಿ ಕಾಯಿಸಲು ಕೈದಿಗಳು ಒಳಗಿದ್ದ ಮರದ ಕೆಲಸವನ್ನು ಸುಟ್ಟರು ಎನ್ನುತ್ತಾರೆ. ಯಾರು ಅವರನ್ನು ತಪ್ಪು ಎಂದಾರು? 2013ರಲ್ಲಿ ಹತ್ತಿರದಲ್ಲೇ ಕಟ್ಟಡದ ಕೆಲಸಕ್ಕೆ ನೆಲ ಅಗೆದಾಗ ಅವರಲ್ಲಿ ಕೆಲವರ ಅಸ್ಥಿಗಳು ಸಿಕ್ಕವು.

18ನೇ ಶತಮಾನದ ಕೊನೆಗೆ ಚೆಂದ ಮಾಡುತ್ತೇವೆಂದು ಬಂದವರು ಹೊರಗೋಡೆಯ ಕಲ್ಲುಗಳ ಮೈಯನ್ನು ಅಂಗುಲಗಟ್ಟಲೆ ಕೆತ್ತಿ ತೆಗೆದರು. ಸನ್ಯಾಸಿಗಳ ಸಭಾಭವನದ ಪೂರ್ವ ಭಾಗವನ್ನು ಕೆಡವಿದರು. ಗ್ಯಾಲಿಲಿ ಮಂದಿರವನ್ನೂ ಕೆಡವಿ ಗಾಡಿಗಳಿಗೆ ದಾರಿ ಮಾಡುವ ಯೋಜನೆ ಇತ್ತು, ಪುಣ್ಯಕ್ಕೆ ಅದು ನಿಂತಿತು. 1986ರಿಂದ ಚರ್ಚ್ ಮತ್ತು ಪಕ್ಕದ ಕೋಟೆ ಎರಡೂ ಯುನೆಸ್ಕೋ ವಿಶ್ವ ಪರಂಪರೆ ತಾಣ.

ಕತ್ಬರ್ಟರು ಈಗ ಮುಖ್ಯ ಬಲಿಪೀಠದ ಹಿಂದೆ, ಹೆಸರು ಮಾತ್ರ ಕೆತ್ತಿದ ಒಂದು ಸಾದಾ ಕಲ್ಲುಚಪ್ಪಡಿಯ ಕೆಳಗಿದ್ದಾರೆ. 1827ರಲ್ಲಿ ಸಮಾಧಿ ತೆರೆದಾಗ ಸಿಕ್ಕಿದ್ದು ಎಲುಬುಗಳು, ಎದೆಯ ಮೇಲಿದ್ದ ಚಿನ್ನದ ಪುಟ್ಟ ಶಿಲುಬೆ, ರೇಷ್ಮೆಯ ಚೂರುಗಳು, ಮತ್ತು ಆ ಹಳೆಯ ಓಕ್ ಮರದ ಪೆಟ್ಟಿಗೆಯ ತುಂಡುಗಳು. ಲಿಂಡಿಸ್‌ಫಾರ್ನ್‌ನಿಂದ ಭುಜದ ಮೇಲೆ ಹೊತ್ತು ತಂದದ್ದು ಅದೇ ಪೆಟ್ಟಿಗೆಯನ್ನು. ಎಲುಬುಗಳನ್ನು ಮತ್ತೆ ಹೂಳಿದರು. ಪೆಟ್ಟಿಗೆಯ ತುಂಡುಗಳು ಮತ್ತು ಶಿಲುಬೆಯನ್ನು ಈಗ ಮಠದ ಹಳೆಯ ಅಡುಗೆಮನೆಯಲ್ಲಿ ಇಟ್ಟಿದ್ದಾರೆ. ಎಂಟು ಮೂಲೆಯ ಆ ಅಡುಗೆಮನೆಯನ್ನು 1366ರಿಂದ 1374ರ ನಡುವೆ ಜಾನ್ ಲೆವಿನ್ ಎಂಬ ಮೇಸ್ತ್ರಿ ಕಟ್ಟಿದ್ದು. ಅಲ್ಲಿ ಒಲೆಯ ಹೊಗೆ ಹೋಗಲು ನಡುವೆ ಜಾಗ ಬಿಡಬೇಕಿತ್ತು. ಹಾಗಾಗಿ ಅವರು ಪಕ್ಕೆಲುಬುಗಳನ್ನು ಒಂದರ ಮೇಲೊಂದು ಹಾಯಿಸಿ, ನಡುವೆ ನಕ್ಷತ್ರದಂಥ ತೆರಪು ಬಿಟ್ಟರು. ಪೆಟ್ಟಿಗೆಯ ಎದುರು ನಿಂತವರು ತಲೆಯೆತ್ತಿದರೆ ಅದೇ ಕಾಣುತ್ತದೆ.